ನರ್ಸಮ್ಮ ಹೇಳಿದ್ದನ್ನು ಯಾರು ಕೇಳಬೇಕು?

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟು ಚೈನು ಕಿತ್ತುಕೊಂಡು ಹೊಳೆ ಪಾಲಾಯಿತು. ಆಮೇಲಿನ ಒಂದು ವಾರ ಏನು ನಡೀತು ಅನ್ನೋದನ್ನು ಹೊಸಪೇಟೆ ಜನಕ್ಕೆ ನಾವು ಹೇಳಬೇಕಾಗಿಲ್ಲ. ಕನ್ನಯ್ಯ ನಾಯ್ಡು ಅವರು ಬಂದು ದಾರಿ ತೋರಿಸಿದರು. ತೋರಣಗಲ್ಲಿನ ಜಿಂದಾಲ್‌ನಲ್ಲೂ ನಮ್ಮ ವರ್ಕ್‌ಶಾಪುಗಳಲ್ಲೂ ಸ್ಟಾಪ್‌ಲಾಗ್ ತಯಾರಾದವು. ಇಂಜಿನಿಯರು, ವೆಲ್ಡರು, ಕ್ರೇನಿನವನು ಒಂದೇ ಕಡೆ ನಿಂತು ಹರಿಯೋ ನೀರಿನಲ್ಲೇ ಅದನ್ನು ಇಳಿಸಿದರು. ಆಗಸ್ಟ್ 17ಕ್ಕೆ ಕೆಲಸ ಮುಗೀತು. ಕಂಪ್ಲಿ ಕಡೆಯ ಭತ್ತದ ರೈತ ಉಸಿರು ಬಿಟ್ಟ.

ಅದೇ ವರ್ಷ, ಮೂರೇ ತಿಂಗಳಿಗೆ, ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನವೆಂಬರ್ 9ರಿಂದ 11ರವರೆಗೆ 34 ಸಿಜೇರಿಯನ್ ಆಗಿದ್ದವು. ಅದರಲ್ಲಿ 7 ಹೆಣ್ಣುಮಕ್ಕಳ ಮೈ ಕೆಟ್ಟಿತು, ಕಿಡ್ನಿ ಕೈಕೊಟ್ಟವು. ಡಿಸೆಂಬರ್ 5ರ ಹೊತ್ತಿಗೆ ಐವರು ಇಲ್ಲವಾದರು. ಹಾಲು ಕುಡಿಯೋ ಕೂಸುಗಳು ಅಜ್ಜಿಯರ ಮಡಿಲಿಗೆ ಬಂದವು.

ಅನುಮಾನ ಬಿದ್ದಿದ್ದು ಡ್ರಿಪ್ ಬಾಟಲಿ ಮೇಲೆ. ನಾವು ನೀವು ‘ಗ್ಲೂಕೋಸ್ ಹಾಕಿದ್ರು’ ಅಂತೀವಲ್ಲ, ಅದೇ ತರದ ಬಾಟಲಿ. ಇದು ಗ್ಲೂಕೋಸ್ ಅಲ್ಲ, ರಿಂಗರ್ ಲ್ಯಾಕ್ಟೇಟ್ ಅನ್ನೋ ಉಪ್ಪುನೀರಿನ ದ್ರಾವಣ. ಪಶ್ಚಿಮ ಬಂಗಾಳದ ಕಂಪನಿಯ ಮಾಲು. ರಾಜ್ಯದ ಲ್ಯಾಬು ಇದರ ಕೆಲವು ಬ್ಯಾಚು ಸರಿಯಿಲ್ಲ ಅಂದಿತ್ತು, ಕೇಂದ್ರದ ಲ್ಯಾಬು ಸರಿಯಿದೆ ಅಂದಿತು. ತಡೆದಿಟ್ಟಿದ್ದ ಮಾಲು ಮತ್ತೆ ಆಸ್ಪತ್ರೆಗಳಿಗೆ ಹೋಯಿತು. ನವೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಮಾಡಿ ಔಷಧ ನಿಯಂತ್ರಕರನ್ನು ಸಸ್ಪೆಂಡ್ ಮಾಡಿದರು.

ದೊಡ್ಡವರ ತಪ್ಪಿಗೆ ದೊಡ್ಡ ತನಿಖೆ ಬೇಕು, ಅದು ಇರಲಿ. ನಾವಿಲ್ಲಿ ಕೇಳುತ್ತಿರೋದು ಸಣ್ಣ ಪ್ರಶ್ನೆ. ಕೆಟ್ಟ ಬಾಟಲಿ ನಾಳೆ ನಮ್ಮ ಹೊಸಪೇಟೆ ಆಸ್ಪತ್ರೆಗೋ ಸಂಡೂರು ಆಸ್ಪತ್ರೆಗೋ ಬಂತು ಅನ್ನಿ. ಅದನ್ನು ಮೊದಲು ಕಾಣೋದು ಯಾರು?

ಡಾಕ್ಟರಲ್ಲ, ಸ್ವಾಮಿ. ಡಾಕ್ಟರು ಆಪರೇಷನ್ ಮುಗಿಸಿ ಮುಂದಿನ ಕೇಸಿಗೆ ಹೋಗಿರ್ತಾರೆ. ಕಿಡ್ನಿ ನಿಲ್ಲೋ ಮೊದಲ ಸೂಚನೆ ಮಂಚದ ಪಕ್ಕ ತೂಗಾಡೋ ಮೂತ್ರದ ಚೀಲದಲ್ಲಿ ಕಾಣ್ತದೆ. ಗಂಟೆಗೆ ಎಷ್ಟು ಬಂತು ಅಂತ ನೋಡಿ ಬರೆಯೋಳು ನರ್ಸಮ್ಮ. ಬಾಟಲಿ ಯಾವ ಬ್ಯಾಚಿನದು ಅನ್ನೋದು ಗೊತ್ತಿರೋದು ಔಷಧಿ ಕೊಠಡಿಯ ಫಾರ್ಮಸಿಸ್ಟಿಗೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ಗೊತ್ತಾಗೋದು ಲ್ಯಾಬಿನವನಿಗೆ. ಆ ಹೆಂಗಸಿಗೆ ಮೊದಲಿಂದ ಬಿ.ಪಿ. ಇತ್ತೋ, ರಕ್ತ ಕಡಿಮೆ ಇತ್ತೋ ಅನ್ನೋದು ಊರಿನ ಆಶಾ ಕಾರ್ಯಕರ್ತೆಗೂ ಅವಳು ಜೊತೆಗೆ ತಂದ ತಾಯಿ ಕಾರ್ಡಿಗೂ ಗೊತ್ತು. ನಾಲ್ಕು ಜನರ ಹತ್ತಿರ ನಾಲ್ಕು ಚೂರು. ನಾಲ್ಕೂ ಒಂದು ಕಡೆ ಬಂದರೆ ತಾನೇ ‘ಇದು ಒಬ್ಬಳ ಕಾಯಿಲೆ ಅಲ್ಲ, ಏನೋ ಎಡವಟ್ಟಾಗಿದೆ, ಬಾಟಲಿ ನಿಲ್ಲಿಸ್ರಿ’ ಅನ್ನೋ ಮಾತು ಹುಟ್ಟೋದು? ಹೀಗೆ ಮಾಡಿದ್ದರೆ ಐವರೂ ಬದುಕುತ್ತಿದ್ದರು ಅಂತ ನಾವು ಹೇಳುತ್ತಿಲ್ಲ. ಎರಡನೇ ಕೇಸಿಗೇ ಮೂಗಿಗೆ ವಾಸನೆ ಬಡಿಯೋಕೆ ಬೇರೆ ದಾರಿ ಇಲ್ಲ ಅಂತಷ್ಟೇ ಹೇಳುತ್ತಿದ್ದೇವೆ.

ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನಡೆಯೋದೇನು? ನರ್ಸು ಹೇಳಿದರೆ ‘ನಿನಗೇನಮ್ಮ ಗೊತ್ತು’. ಫಾರ್ಮಸಿಸ್ಟ್ ವಾರ್ಡಿನ ಕಡೆ ತಲೆ ಹಾಕೋದಿಲ್ಲ, ಅವರನ್ನು ಕರೆಯೋರೂ ಇಲ್ಲ. ಲ್ಯಾಬಿನ ಚೀಟಿ ತರೋಕೆ ರೋಗಿಯ ಗಂಡ ಮೆಟ್ಟಿಲು ಹತ್ತಿ ಇಳೀಬೇಕು. ಏನಾದರೂ ಎಡವಟ್ಟಾದರೆ ಜನ ಮೊದಲು ನುಗ್ಗೋದು ಅದೇ ನರ್ಸಿನ ಟೇಬಲ್ಲಿಗೆ. ಅಧಿಕಾರ ಇಲ್ಲದವಳಿಗೆ ಏಟು ಮಾತ್ರ ಪೂರ್ತಿ. ಸರ್ಕಾರ ಸ್ಟಾಫ್ ನರ್ಸ್ ಅನ್ನೋ ಹೆಸರು ತೆಗೆದು ‘ಶುಶ್ರೂಷಾಧಿಕಾರಿ’ ಅಂತ ಬೋರ್ಡು ಬರೆಸಿದೆ. ಅಧಿಕಾರಿ ಅಂದಮೇಲೆ ಬಾಟಲಿ ನಿಲ್ಲಿಸೋ ಅಧಿಕಾರನಾದರೂ ಬೇಡವೇ?

ದಿನಾ ಕಂಪ್ಲಿ ಬಸ್ಸಿಗೆ ಓಡಾಡೋರನ್ನು ಕೇಳಿ. ಕಂಡಕ್ಟರ್ ಸೀಟಿ ಊದಿದರೆ ಡ್ರೈವರ್ ಬ್ರೇಕ್ ಒತ್ತುತ್ತಾನೆ. ‘ನಾನು ಸೀನಿಯರ್, ನೀನ್ಯಾರು ಹೇಳೋಕೆ’ ಅಂತ ಬಸ್ಸು ಓಡಿಸಿಕೊಂಡು ಹೋಗೋದಿಲ್ಲ. ಹಿಂದಿನ ಬಾಗಿಲು ಕಾಣೋದು ಕಂಡಕ್ಟರಿಗೆ, ಅದಕ್ಕೇ ಸೀಟಿ ಅವನ ಕೈಲಿ.

ಇದೇನು ಈ ಪತ್ರಿಕೆಯವರ ಕಿತಾಪತಿ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೆ ಅಂತ ಒಂದು ಹಾಳೆ ಮಾಡಿತು. ಅದರಲ್ಲಿ 19 ಅಂಶ. ರೋಗಿ ಇವರೇನಾ, ಆಪರೇಷನ್ ಯಾವ ಕಡೆಗೆ, ಕೊನೆಗೆ ಬಟ್ಟೆ, ಸೂಜಿ ಎಣಿಸಿದ್ದೀರಾ, ಇಂಥವು. ಬಹಳ ಕಡೆ ಅದನ್ನು ಗಟ್ಟಿಯಾಗಿ ಓದೋದು ನರ್ಸು. ಉತ್ತರ ಹೇಳೋದು ಸರ್ಜನ್ನು, ಅರಿವಳಿಕೆಯವರು. ಚಾಕು ಹಿಡಿಯೋ ಮುಂಚೆ ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳಬೇಕು ಅಂತಲೂ ಅದರಲ್ಲಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳೀತು ಅಂತ 2009ರಲ್ಲಿ ಪ್ರಕಟವಾಯಿತು. ಹೊಸ ಮಷೀನಿಲ್ಲ, ಟೆಂಡರಿಲ್ಲ, ಖರ್ಚು ಒಂದು ಹಾಳೆ. ಟೆಂಡರಿಲ್ಲ ಅನ್ನೋದೇ ಇದಕ್ಕೆ ಉತ್ಸಾಹ ಇಲ್ಲದಿರೋಕೆ ಕಾರಣವೋ ಏನೋ.

ಹಂಪಿ ಉತ್ಸವಕ್ಕೆ ಎಷ್ಟೊಂದು ಪೂರ್ವಭಾವಿ ಸಭೆ ಮಾಡ್ತಾರೆ ನೋಡಿ. ಪೊಲೀಸರು, ಕರೆಂಟಿನವರು, ನೀರಿನವರು ಎಲ್ಲಾ ಒಂದೇ ಮೇಜಿಗೆ. ವೇದಿಕೆಗೆ ಸಿಗೋ ಆ ಯೋಗ ವಾರ್ಡಿಗೂ ಸಿಗಲಿ. ದಿನಾ ಬೆಳಿಗ್ಗೆ ಹತ್ತು ನಿಮಿಷ. ಡಾಕ್ಟರು, ನರ್ಸು, ಫಾರ್ಮಸಿಸ್ಟ್, ಲ್ಯಾಬಿನವರು, ಆಯಾ ಸಮೇತ ನಿಂತುಕೊಂಡೇ ಮಾತಾಡಲಿ. ಆಯಾ ಯಾಕೆ ಅಂತೀರಾ? ಮೂತ್ರದ ಚೀಲ ಖಾಲಿ ಮಾಡೋ ಕೆಲಸ ಎಷ್ಟೋ ಸಲ ಅವಳ ಪಾಲಿಗೇ ಬರ್ತದೆ. ಹಾಕಿದ ಪ್ರತಿ ಬಾಟಲಿಯ ಬ್ಯಾಚ್ ನಂಬರು ಕೇಸ್ ಶೀಟಿಗೆ ಬರಲಿ. ಕಿರಾಣಿ ಅಂಗಡಿಯವರು ಎಣ್ಣೆ ಡಬ್ಬಿಗೂ ಬಿಲ್ಲು ಇಟ್ಟುಕೊಳ್ಳೋ ಕಾಲ ಇದು.

ಇನ್ನು ನಮ್ಮ ಭಾಗದ್ದೇ ಒಂದು ತಾಪತ್ರಯ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಸಂತೋಷ. ಹೊಸಪೇಟೆ, ಹಂಪಿ ಈ ಕಡೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಎರಡೂ ಊರಿಗೆ ಬಳ್ಳಾರಿಗಿಂತ ಹೊಸಪೇಟೆ ಹತ್ತಿರ. ಹೆರಿಗೆ ನೋವು ಜಿಲ್ಲೆಯ ಗಡಿ ನೋಡಿ ಬರೋದಿಲ್ಲ. ಕಳಿಸೋ ನರ್ಸು ಒಂದು ಜಿಲ್ಲೆಯವಳು, ಬರಮಾಡಿಕೊಳ್ಳೋ ನರ್ಸು ಇನ್ನೊಂದು ಜಿಲ್ಲೆಯವಳು, ನಡುವೆ 108ರ ಗಾಡಿ. ರೋಗಿ ಹೊರಡೋ ಮುಂಚೆ ಫೋನು ಹೋಗಬೇಕು. ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದೆ, ರಕ್ತದ ಗುಂಪು ಯಾವುದು, ಯಾಕೆ ಕಳಿಸ್ತಿದ್ದೀವಿ ಅನ್ನೋದು ಒಂದೇ ಹಾಳೆಯಲ್ಲಿ ಅವಳ ಜೊತೆ ಬರಬೇಕು.

ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳನ್ನು ಈ ಪತ್ರಿಕೆ ನೇರವಾಗಿ ಕೇಳುತ್ತದೆ. ರಾತ್ರಿ ಎರಡು ಗಂಟೆಗೆ ಕಂಪ್ಲಿಯಿಂದ ರಕ್ತ ಹೋಗುತ್ತಿರೋ ಹೆಂಗಸನ್ನು ಹೊಸಪೇಟೆಗೆ ಕಳಿಸುವಾಗ ಅಲ್ಲಿನ ನರ್ಸಮ್ಮ ಯಾವ ನಂಬರಿಗೆ ಫೋನ್ ಮಾಡಬೇಕು? ಇಲ್ಲಿ ಯಾರು ಎತ್ತುತ್ತಾರೆ? ಉತ್ತರ ಬರೆದು ಕಳಿಸಿ, ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.