ಇಳಿಸಿಕೊಳ್ಳುವ ಮುನ್ನ ಯಾರದೆಂದು ಕೇಳಿ

ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ಹೊರಟರೆ, ಗುಡಿಬಂಡೆಗೆ ತಿರುಗುವಲ್ಲಿ ಸಿಗುವ ಊರು ಪೆರೇಸಂದ್ರ. ಇಂಥ ಊರುಗಳ ಮೊಬೈಲ್ ಅಂಗಡಿಗೆ ರೀಚಾರ್ಜ್‌ಗೆಂದೋ ಗ್ಲಾಸ್ ಹಾಕಿಸಲೆಂದೋ ಬಂದವರು ಹೊರಡುವ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: “ಅಣ್ಣಾ, ಈ ವಿಡಿಯೊ ಒಂದು ಡೌನ್‌ಲೋಡ್ ಮಾಡ್ಕೊಡಣ್ಣ, ಸ್ಟೇಟಸ್‌ಗೆ ಹಾಕ್ಬೇಕು.” ಹಿಂದೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ರೂಢಿಯೇ ಈಗ ರೀಲ್ಸ್‌ಗೂ ಶಾರ್ಟ್ಸ್‌ಗೂ ಬಂದಿದೆ. ಕೊಡುವವನಿಗೂ ಕೇಳುವವನಿಗೂ ಇದು ಪುಕ್ಕಟೆ ಕೆಲಸ. ಆದರೆ ಪುಕ್ಕಟೆ ಎನ್ನಿಸುವ ಈ ಕೆಲಸಕ್ಕೆ ಯಾರಾದರೊಬ್ಬರು ಬೆಲೆ ತೆರುತ್ತಲೇ ಇದ್ದಾರೆ. ಕೆಲವೊಮ್ಮೆ ನಾವೇ, ಕೆಲವೊಮ್ಮೆ ವಿಡಿಯೊ ಮಾಡಿದವರು, ಇನ್ನು ಕೆಲವೊಮ್ಮೆ ವಿಡಿಯೊದಲ್ಲಿ ಸಿಕ್ಕಿಬಿದ್ದವರು.

ವಿಡಿಯೊ ಇಟ್ಟುಕೊಳ್ಳುವ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರ ನಾಲ್ಕನೇ ಜ್ವರ ಎದ್ದ ಹುಳುವಿನ ಆರೈಕೆಯನ್ನೋ ಸುಣ್ಣಕಟ್ಟು ರೋಗದ ಲಕ್ಷಣವನ್ನೋ ಫೋನಿನಲ್ಲಿ ನೋಡಿ ತಿಳಿಯುತ್ತಾನೆ. ಹುಳು ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಮೊದಲೇ ಇಳಿಸಿಟ್ಟುಕೊಳ್ಳದೆ ಅವನಿಗೆ ಗತಿಯಿಲ್ಲ. ಅದಕ್ಕೆ ನೇರ ದಾರಿಯೇ ಇದೆ. ಯೂಟ್ಯೂಬ್ ಆ್ಯಪ್‌ನಲ್ಲೇ ಎಷ್ಟೋ ವಿಡಿಯೊಗಳ ಕೆಳಗೆ ಡೌನ್‌ಲೋಡ್ ಗುಂಡಿ ಇರುತ್ತದೆ. ಭಾರತದಲ್ಲಿ ಈ ಸೌಲಭ್ಯ 2014ರಲ್ಲೇ ಬಂತು. ಇನ್‌ಸ್ಟಾಗ್ರಾಂ 2023ರಿಂದ ಸಾರ್ವಜನಿಕ ಖಾತೆಗಳ ರೀಲ್ಸ್ ಇಳಿಸಿಕೊಳ್ಳಲು ಬಿಟ್ಟಿದೆ. ಬೇಡವೆನ್ನುವವರು ತಮ್ಮ ಖಾತೆಯಲ್ಲಿ ಅದನ್ನು ನಿಲ್ಲಿಸಿಡಬಹುದು. ಗುಂಡಿ ಇದ್ದರೆ ಒಪ್ಪಿಗೆ ಇದೆ ಎಂದು ತಿಳಿಯಬಹುದು.

ತೊಂದರೆ ಶುರುವಾಗುವುದು ಅಡ್ಡದಾರಿ ಹಿಡಿದಾಗ. ಯೂಟ್ಯೂಬ್ ವಿಡಿಯೊಗಳನ್ನು ಅದರ ಅನುಮತಿಯಿಲ್ಲದೆ ಇಳಿಸಿಕೊಡುವ ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ಜಾಗವಿಲ್ಲ. ಹಾಗಾಗಿ ಅವು ಎಪಿಕೆ ಫೈಲ್ ರೂಪದಲ್ಲಿ ಫೋನಿಗೆ ಬರುತ್ತವೆ. ಹಾಕಿಕೊಳ್ಳುವಾಗ ಫೋನೇ ಒಮ್ಮೆ ಎಚ್ಚರಿಸುತ್ತದೆ. ನಾವು ಓದದೆ ಒತ್ತುತ್ತೇವೆ. ಇಂಥ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿತೆಂದರೆ ಅಲ್ಲೇ ನಿಲ್ಲಬೇಕು. ವಿಡಿಯೊ ಇಳಿಸಲು ಎಸ್‌ಎಂಎಸ್ ಯಾಕೆ ಬೇಕು? ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ. ಮದುವೆ ಪತ್ರಿಕೆಯೆಂದೋ ಟ್ರಾಫಿಕ್ ದಂಡದ ಚಲನ್ ಎಂದೋ ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ತೆರೆದು ಖಾತೆ ಬರಿದು ಮಾಡಿಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆ ಮೋಸಕ್ಕೂ ಈ ಆ್ಯಪ್‌ಗಳಿಗೂ ಬಾಗಿಲು ಒಂದೇ.

ಲಿಂಕ್ ಅಂಟಿಸಿ ವಿಡಿಯೊ ಪಡೆಯುವ ಜಾಲತಾಣಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಪುಟದ ತುಂಬ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿಗಳು. ನಿಜವಾದದ್ದು ಒಂದೇ, ಉಳಿದವೆಲ್ಲ ಜಾಹೀರಾತು. ತಪ್ಪಿ ಒತ್ತಿದರೆ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂಬ ಸುಳ್ಳು ಬೆದರಿಕೆ, ಅದರ ಬೆನ್ನಿಗೇ ಮತ್ತೊಂದು ಆ್ಯಪ್ ಹಾಕಿಕೊಳ್ಳಿ ಎಂಬ ಒತ್ತಾಯ. ಖಾಸಗಿ ಖಾತೆಯ ವಿಡಿಯೊ ತೆಗೆದುಕೊಡುತ್ತೇವೆಂದು ನಿಮ್ಮ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೇಳುವ ತಾಣಗಳೂ ಇವೆ. ಪಾಸ್‌ವರ್ಡ್ ಕೊಟ್ಟರೆ ಖಾತೆಯನ್ನೇ ಕೊಟ್ಟಂತೆ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ, ಅಧ್ಯಯನಕ್ಕೆ, ವಿಮರ್ಶೆಗೆ ನ್ಯಾಯಯುತ ಬಳಕೆಯ ವಿನಾಯಿತಿ ಕೊಡುತ್ತದೆ. ಮನೆಯಲ್ಲಿ ಕೂತು ನೋಡುವವನ ಬೆನ್ನು ಹತ್ತುವುದು ಆ ಕಾಯ್ದೆಯ ಉದ್ದೇಶವಲ್ಲ. ಆದರೆ ಇನ್ನೊಬ್ಬರ ವಿಡಿಯೊದಿಂದ ಹೆಸರು ಕತ್ತರಿಸಿ ನಮ್ಮ ಪೇಜಿಗೆ ಹಾಕಿಕೊಂಡರೆ, ಅಂಗಡಿಯ ಜಾಹೀರಾತಿಗೆ ಸಿನಿಮಾ ಹಾಡು ಅಂಟಿಸಿದರೆ ಆ ರಕ್ಷಣೆ ಸಿಗುವುದು ಕಷ್ಟ. ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಪುಸ್ತಕದಲ್ಲಷ್ಟೇ ಉಳಿದ ಮಾತಲ್ಲ. ಕಾಂಗ್ರೆಸ್ ಪಕ್ಷದ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಿಗೆ ‘ಕೆಜಿಎಫ್ 2’ ಚಿತ್ರದ ಸಂಗೀತ ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ 2022ರಲ್ಲಿ ಯಶವಂತಪುರ ಠಾಣೆಗೆ ದೂರು ಕೊಟ್ಟಿತು. ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್‌ನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಆ ವಿಡಿಯೊಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶ ರದ್ದು ಮಾಡಿತಾದರೂ, 2023ರ ಜೂನ್‌ನಲ್ಲಿ ಎಫ್‌ಐಆರ್ ರದ್ದುಪಡಿಸಲು ಒಪ್ಪಲಿಲ್ಲ. ರಾಷ್ಟ್ರೀಯ ಪಕ್ಷಕ್ಕೇ ಈ ಗತಿಯಾದರೆ ಊರಿನ ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗನ ಪಾಡೇನು?

ದೊಡ್ಡ ಸಂಸ್ಥೆಗಳಿಗೆ ವಕೀಲರಿದ್ದಾರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಲಾವಿದರಿಗೆ ಯಾರಿದ್ದಾರೆ? ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಸಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ತಮಟೆ ಬಾರಿಸುವ ಕೈಗೂ ಕೋಲಾಟ ಹಾಡುವ ದನಿಗೂ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶಕರ ಹಕ್ಕು ಕೊಟ್ಟಿದೆ, ಅದೂ 50 ವರ್ಷದ ಅವಧಿಗೆ. ಜಾತ್ರೆಯಲ್ಲಿ ಯಾರೋ ಚಿತ್ರೀಕರಿಸಿದ್ದನ್ನು ಮತ್ತಾರೋ ಇಳಿಸಿಕೊಂಡು ತಮ್ಮ ಚಾನೆಲ್‌ನಲ್ಲಿ ಹಾಕಿ ಕಾಸು ಮಾಡಿಕೊಂಡಾಗ ಬಾರಿಸಿದವರಿಗೆ ಕಾಸು ಹಾಗಿರಲಿ, ಹೆಸರೂ ಸಿಗುವುದಿಲ್ಲ. ಊರಹಬ್ಬದಲ್ಲಿ ಅವರ ಮುಂದೆ ಕುಣಿಯುವ ನಾವೇ ಈ ಅನ್ಯಾಯಕ್ಕೆ ಕೈಜೋಡಿಸಬಾರದು.

ಎಲ್ಲಕ್ಕಿಂತ ಭಾರಿ ಬೆಲೆ ತೆತ್ತವರು ಹೆಣ್ಣುಮಕ್ಕಳು. ಹಾಸನದ ಪೆನ್‌ಡ್ರೈವ್ ಪ್ರಕರಣವನ್ನು ನಾವು ಮರೆಯಕೂಡದು. 2024ರ ಏಪ್ರಿಲ್‌ನಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಫೋನಿಂದ ಫೋನಿಗೆ ಹರಿದಾಡಿದವು. ಕುತೂಹಲಕ್ಕೆಂದು ಇಳಿಸಿಕೊಂಡ ಪ್ರತಿಯೊಬ್ಬನೂ ಆ ಹೆಂಗಸರ ಮೇಲೆ ನಡೆದ ದೌರ್ಜನ್ಯವನ್ನು ಮುಂದುವರಿಸಿದ. ಅವುಗಳನ್ನು ಹಂಚುವುದು ಅಪರಾಧವೆಂದು ತನಿಖೆ ನಡೆಸುತ್ತಿದ್ದ ಎಸ್‌ಐಟಿಯೇ ಎಚ್ಚರಿಸಬೇಕಾಯಿತು. ಲೈಂಗಿಕ ದೃಶ್ಯಗಳನ್ನು ಹರಡುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ವಿಧಿಸುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಮಕ್ಕಳ ಲೈಂಗಿಕ ದೃಶ್ಯಗಳಿರುವ ವಿಡಿಯೊ ಹುಡುಕುವುದು, ಇಳಿಸಿಕೊಳ್ಳುವುದು, ಸಂಗ್ರಹಿಸುವುದು ಎಲ್ಲವೂ ಅದೇ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಬರೀ ನೋಡುವುದು ಇದರಡಿ ಬರುವುದಿಲ್ಲ ಎಂದಿದ್ದ ತನ್ನ ಆದೇಶವನ್ನು ಕರ್ನಾಟಕ ಹೈಕೋರ್ಟ್ 2024ರ ಜುಲೈನಲ್ಲಿ ತಾನೇ ಹಿಂಪಡೆಯಿತು. ಅದೇ ವರ್ಷದ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಅಳಿಸದೆ, ದೂರನ್ನೂ ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಂಡರೆ ಯಾರಿಗೂ ಕಳಿಸದಿದ್ದರೂ ಪೋಕ್ಸೊ ಅಡಿ ಅಪರಾಧವೆಂದು ಸ್ಪಷ್ಟಪಡಿಸಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದೆಲ್ಲ ತಾನಾಗಿಯೇ ಗ್ಯಾಲರಿಗೆ ಇಳಿಯುವಂತೆ ಬಿಟ್ಟಿರುವವರು ಇದನ್ನು ಗಟ್ಟಿಯಾಗಿ ಮನಸ್ಸಿಗೆ ತೆಗೆದುಕೊಳ್ಳಬೇಕು.

ಇದನ್ನು ಕಲಿಸಲು ಹೊಸ ಯೋಜನೆ ಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿವೆ, ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ಠಾಣೆಯವರು ಒಂದು ಮಧ್ಯಾಹ್ನ ಆ ಕೇಂದ್ರಗಳಿಗೆ ಬಂದು, ಸುಳ್ಳು ಗುಂಡಿ ಯಾವುದು, ಫೋನು ಕೇಳುವ ಅನುಮತಿ ಎಂಥದ್ದು, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಹೇಗೆ ಎಂಬುದನ್ನು ಫೋನು ಹಿಡಿದೇ ತೋರಿಸಲಿ. ಮೊಬೈಲ್ ಅಂಗಡಿಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಹಳ್ಳಿ ಜನ ನಂಬುವುದು ಅವರ ಮಾತನ್ನೇ. ಅಷ್ಟರೊಳಗೆ ನಮ್ಮ ಕೈಲಾಗುವ ಕೆಲಸ ಎರಡಿವೆ: ವಾಟ್ಸ್ಆ್ಯಪ್‌ನ ಆಟೊ ಡೌನ್‌ಲೋಡ್ ನಿಲ್ಲಿಸುವುದು, ಪ್ಲೇ ಸ್ಟೋರ್‌ನಿಂದ ಬಾರದ ಆ್ಯಪ್‌ಗಳನ್ನು ಕಿತ್ತುಹಾಕುವುದು. ಅವೆರಡನ್ನೂ ಇವತ್ತೇ ಮಾಡಿ, ಮನೆಯ ಹಿರಿಯರ ಫೋನಿನಲ್ಲೂ ಮಾಡಿಕೊಡಿ.