ನೀರೇ ಊರಿಗೆ ಬಂದಾಗ ಗಾದೆ ಏನೆನ್ನುವುದು?

ಮಠದ ವಿದ್ಯಾರ್ಥಿನಿಲಯಗಳಲ್ಲಿ ಉಂಡು, ಓದಿ, ಹೊರಬಂದ ಯಾರನ್ನೇ ಕೇಳಿರಿ, ಗಾದೆಯ ವಿಸ್ತರಣೆಯನ್ನು ಬರೆಯುವ ಬಗೆಯನ್ನು ನಿದ್ದೆಗಣ್ಣಿನಲ್ಲಿಯೂ ಹೇಳಿಯಾರು. ಮೊದಲ ವಾಕ್ಯ, ಗಾದೆಗಳು ವೇದಗಳಿಗೆ ಸಮಾನ. ಎರಡನೆಯದು, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಮೂರನೆಯದು, ಹಿರಿಯರ ಅನುಭವದ ಸಾರವೇ ಗಾದೆ. ಆಮೇಲೆ ಕೊಟ್ಟ ಗಾದೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಎಂಟು ಸಾಲು ಮಾಡಿದರೆ ಅಂಕಗಳು ಖಚಿತ. ನಾನೂ ಹಾಗೆ ಬರೆದವನೇ. ಅನಂತರ ಮಕ್ಕಳಿಂದ ಹಾಗೆ ಬರೆಸಿದವನೂ ಹೌದು. ಆದುದರಿಂದ ಈ ಲೇಖನದಲ್ಲಿ ಬರುವ ಖಂಡನೆಯ ಮೊದಲ ಪಾಲು ನನಗೇ ಸಲ್ಲತಕ್ಕದ್ದು.

ಗಾದೆ ಸುಳ್ಳಾಗದು ಎಂಬ ಗಾದೆಯೇ ಮೊದಲ ಸುಳ್ಳು ಎಂಬುದು ನನ್ನ ವಾದ. ಕೋಪಗೊಳ್ಳುವ ಮೊದಲು ಓದುಗ ಮಹಾಶಯರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬೇಕು. "ತಾಳಿದವನು ಬಾಳಿಯಾನು" ಎನ್ನುವ ಬಾಯಿಯೇ "ಅಳದಿದ್ದರೆ ತಾಯಿಯೂ ಹಾಲು ಕೊಡಳು" ಎನ್ನುತ್ತದೆ. ತಾಳಬೇಕೋ, ಅಳಬೇಕೋ? ಎರಡೂ ಸತ್ಯವೆಂದರೆ, ಯಾವಾಗ ಯಾವುದು ಸತ್ಯವೆಂದು ಹೇಳುವವರು ಯಾರು? ಗಾದೆಯಂತೂ ಹೇಳುವುದಿಲ್ಲ. ಅದನ್ನು ಆರಿಸಿ ಆಡುವ ಮನುಷ್ಯನು ಹೇಳುತ್ತಾನೆ. ಬಹುಮಟ್ಟಿಗೆ ತನ್ನ ಅನುಕೂಲಕ್ಕೆ ತಕ್ಕಂತೆಯೇ ಹೇಳುತ್ತಾನೆ. ಸಾಲ ಕೊಟ್ಟವನು ಒಂದು ಗಾದೆಯನ್ನು ಹಿಡಿದು ಬಂದರೆ ಸಾಲ ತಂದವನು ಇನ್ನೊಂದರ ಮರೆಯಲ್ಲಿ ಅಡಗುತ್ತಾನೆ. ಇಬ್ಬರೂ ಹಿರಿಯರ ಅನುಭವವನ್ನೇ ಸಾಕ್ಷಿಗೆ ಕರೆಯುತ್ತಾರೆ.

ಇದು ಬರಿಯ ವಿನೋದದ ಮಾತಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ವ್ಯರ್ಥಗೊಳಿಸುತ್ತಿರಲಿಲ್ಲ. ಹಾಸನದಿಂದ ಗೊರೂರಿನ ಕಡೆಗೆ ಹೋಗುವಾಗ ಸಿಗುವ ಶೆಟ್ಟಿಹಳ್ಳಿಯನ್ನು ಕಂಡವರಿಗೆ ಇದು ವಿನೋದವಲ್ಲವೆಂಬುದು ತಿಳಿಯುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಅಲ್ಲಿ ಎತ್ತರವಾದ ಕಮಾನುಗಳ ಒಂದು ಇಗರ್ಜಿಯನ್ನು ಕಟ್ಟಿಸಿದರು. ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಗಂಟೆ ಮೊಳಗಿತು, ಮದುವೆಗಳಾದವು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು, ಹಿನ್ನೀರು ಏರಿತು, ಸುತ್ತಣ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿ ಎದ್ದರು. ಇಂದು ಅಲ್ಲಿ ಛಾವಣಿಯಿಲ್ಲದ ಗೋಡೆಗಳು ಮಾತ್ರ ನಿಂತಿವೆ. ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುತ್ತವೆ, ಬೇಸಿಗೆಯಲ್ಲಿ ಕೆಸರಿನೊಳಗೆ. "ಊರಿಗೆ ಬಂದವಳು ನೀರಿಗೆ ಬಾರದಿರುವಳೇ" ಎಂದು ನಾವು ನಗುತ್ತ ಆಡುವ ಮಾತಿದೆಯಷ್ಟೆ? ಅಲ್ಲಿ ನೀರೇ ಊರಿಗೆ ಬಂತು. ಆ ಸ್ಥಿತಿಗೆ ಹಿರಿಯರು ಗಾದೆ ಕಟ್ಟಿಟ್ಟಿರಲಿಲ್ಲ.

ನಾನು ಅಣೆಕಟ್ಟಿನ ವಿರೋಧಿಯಲ್ಲ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬಯಲಿಗೆ ಹೇಮಾವತಿಯ ಕಾಲುವೆಗಳು ನೀರು ಕೊಟ್ಟಿವೆ. ಈ ಲೇಖನವನ್ನು ಓದುವವರಲ್ಲಿ ಎಷ್ಟೋ ಮಂದಿ ಆ ನೀರಿನಿಂದ ಬೆಳೆದ ಅನ್ನವನ್ನೇ ಉಂಡಿರಬಹುದು. ನನ್ನ ತಕರಾರು ಇರುವುದು ಆ ಅನ್ನವನ್ನು ಉಂಡವರು ಕೈ ತೊಳೆಯುವಾಗ ಆಡುವ ಮಾತಿನ ಮೇಲೆ. ಶೆಟ್ಟಿಹಳ್ಳಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಏನು ಮಾಡುವುದು, ತಾಳಿದವನು ಬಾಳಿಯಾನು" ಎಂದು ಮುಗಿಸಿಬಿಡುತ್ತಾರೆ. ತಾಳಿದವರು ಒಂದು ದಡದವರು, ಬಾಳಿದವರು ಇನ್ನೊಂದು ದಡದವರು ಎಂಬುದನ್ನು ಈ ಗಾದೆ ಎಷ್ಟು ನಯವಾಗಿ ಮುಚ್ಚಿಡುತ್ತದೆ ನೋಡಿರಿ! "ಕೈ ಕೆಸರಾದರೆ ಬಾಯಿ ಮೊಸರು" ಎಂಬುದನ್ನೂ ಅಲ್ಲಿಯೇ ನಿಂತು ಒರೆಗೆ ಹಚ್ಚಬಹುದು. ಕೆಸರು ಶೆಟ್ಟಿಹಳ್ಳಿಯ ಗೋಡೆಗಳಲ್ಲಿ ಈಗಲೂ ಮೆತ್ತಿಕೊಂಡಿದೆ. ಮೊಸರು ಕಾಲುವೆಯ ಕೊನೆಯಲ್ಲಿದೆ. ಇನ್ನು "ಮಾಡಿದ್ದುಣ್ಣೋ ಮಹಾರಾಯ" ಎನ್ನುವವರು, ಆ ಜನ ಮಾಡಿದ್ದೇನೆಂಬುದನ್ನೂ ದಯಮಾಡಿ ತಿಳಿಸಬೇಕು. ತಗ್ಗಿನಲ್ಲಿ ಮನೆ ಕಟ್ಟಿದ್ದೇ?

ಸಂಸ್ಕೃತ ಬಲ್ಲವರು ಇದಕ್ಕಿಂತ ಗಂಭೀರವಾದ ಆಯುಧವನ್ನೇ ತೆಗೆಯುತ್ತಾರೆ. ಕುಲಕ್ಕಾಗಿ ಒಬ್ಬನನ್ನು, ಗ್ರಾಮಕ್ಕಾಗಿ ಕುಲವನ್ನು, ದೇಶಕ್ಕಾಗಿ ಗ್ರಾಮವನ್ನು ತ್ಯಜಿಸಬೇಕೆಂಬ ನೀತಿಶ್ಲೋಕವು ಮುಳುಗಡೆಯ ಮಾತು ಬಂದಲ್ಲೆಲ್ಲ ಕೇಳಿಬರುತ್ತದೆ. ಸಭೆ ತಲೆದೂಗುತ್ತದೆ. ಆದರೆ ಆ ಮಾತು ಭಾರತದಲ್ಲಿ ಯಾರು ಯಾರಿಗೆ ಹೇಳಿದ್ದು? ವಿದುರನು ಧೃತರಾಷ್ಟ್ರನಿಗೆ ಹೇಳಿದ್ದು. ಕುರುಕುಲದ ಉಳಿವಿಗಾಗಿ ನಿನ್ನ ಮಗನಾದ ದುರ್ಯೋಧನನನ್ನು ಬಿಡು ಎಂದು ಸಿಂಹಾಸನದ ಮೇಲೆ ಕುಳಿತ ತಂದೆಗೆ ದಾಸೀಪುತ್ರನಾದ ಮಂತ್ರಿಯು ಎದುರಿಗೇ ನಿಂತು ಹೇಳಿದ ಬುದ್ಧಿ ಅದು. ಅಧಿಕಾರವುಳ್ಳವನು ತನ್ನದನ್ನೇ ಬಿಡಲಿ ಎಂಬುದು ಅದರ ಅರ್ಥ. ನಾವೋ ಅದನ್ನು ತಲೆಕೆಳಗು ಮಾಡಿ, ಅಧಿಕಾರವಿಲ್ಲದವನು ತನ್ನದನ್ನು ಬಿಡಲಿ, ನಾವು ಶ್ಲೋಕ ಹೇಳುತ್ತೇವೆ ಎಂದು ಮಾಡಿಕೊಂಡೆವು. ಆ ಶ್ಲೋಕಕ್ಕೆ ನಾಲ್ಕನೆಯ ಪಾದವೊಂದಿದೆ. ಆತ್ಮಕ್ಕಾಗಿ ಭೂಮಿಯನ್ನೇ ತ್ಯಜಿಸು ಎನ್ನುತ್ತದೆ ಅದು. ಭಾಷಣಗಳಲ್ಲಿ ಆ ಪಾದವನ್ನು ನಾನು ಕೇಳಿದ್ದು ಬಹಳ ಅಪರೂಪ.

ನಮ್ಮ ದೇಶಕ್ಕೆ ಮಾತ್ರ ಈ ರೋಗ ಅಂಟಿದೆಯೆಂದು ತಿಳಿಯಬೇಕಾಗಿಲ್ಲ. ಮೊಟ್ಟೆ ಒಡೆಯದೆ ಆಮ್ಲೆಟ್ ಆಗದೆಂದು ಫ್ರೆಂಚರೂ ಇಂಗ್ಲಿಷರೂ ಹೇಳುತ್ತಾರೆ. (ಮಠದ ಪತ್ರಿಕೆಯಲ್ಲಿ ಮೊಟ್ಟೆಯ ಪ್ರಸ್ತಾಪ ಬಂತೆಂದು ಓದುಗರು ಮುನಿಯಬಾರದು; ಗಾದೆ ಅವರದು, ಅಡಿಗೆಯೂ ಅವರದೇ.) ಆ ಗಾದೆಯನ್ನು ಉಣ್ಣುವವನು ಕಟ್ಟಿದನೇ ಹೊರತು ಮೊಟ್ಟೆ ಕಟ್ಟಲಿಲ್ಲ. ಅರಬರಲ್ಲಿ ಹೊದಿಕೆಯಿದ್ದಷ್ಟೇ ಕಾಲು ಚಾಚು ಎಂಬ ಮಾತಿದೆ, ನಮ್ಮಲ್ಲಿ ಹಾಸಿಗೆಯಿದ್ದಷ್ಟು. ಒಳ್ಳೆಯ ಮಾತೇ. ಆದರೆ ಒಬ್ಬನ ಹಾಸಿಗೆ ಏಕೆ ಮೊಳದಷ್ಟು, ಇನ್ನೊಬ್ಬನದು ಏಕೆ ಮಾರಿನಷ್ಟು ಎಂಬ ಪ್ರಶ್ನೆಗೆ ಎರಡು ನಾಡಿನ ಹಿರಿಯರೂ ನಿದ್ದೆ ಹೋಗಿಬಿಟ್ಟರು.

ಹಾಗಾದರೆ ಗಾದೆಗಳೆಲ್ಲ ಬಲಿಷ್ಠರ ವಕೀಲರೇ ಎಂದು ಕೇಳಬಹುದು. ಅಲ್ಲ. ತುಳಿಸಿಕೊಂಡವರು ಕಟ್ಟಿದ ಗಾದೆಗಳೂ ಇವೆ, ಅವುಗಳ ರುಚಿಯೇ ಬೇರೆ. ಆನೆಗಳು ಕಾದಾಡಿದರೆ ನೋಯುವುದು ಹುಲ್ಲು ಎಂದು ಪೂರ್ವ ಆಫ್ರಿಕದ ಸ್ವಾಹಿಲಿ ಜನ ಹೇಳುತ್ತಾರೆ. ಹುಡುಗರು ಆಟಕ್ಕೆ ಕಲ್ಲೆಸೆಯುತ್ತಾರೆ, ಕಪ್ಪೆಗಳು ಮಾತ್ರ ನಿಜವಾಗಿಯೇ ಸಾಯುತ್ತವೆ ಎಂಬ ಮಾತು ಪ್ರಾಚೀನ ಗ್ರೀಕರ ಕಾಲದಿಂದ ಬಂದದ್ದು. ನಮ್ಮಲ್ಲಿಯೂ "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎನ್ನುತ್ತಾರೆ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎನ್ನುತ್ತಾರೆ. ಇವನ್ನು ಆಡಿದವನು ಯಾರನ್ನೂ ಸುಮ್ಮನಿರಿಸಲು ಆಡಲಿಲ್ಲ. ಶೆಟ್ಟಿಹಳ್ಳಿಗೆ ಇವು ಎಷ್ಟು ಚೆನ್ನಾಗಿ ಒಪ್ಪುತ್ತವೆ! ಇಂದು ಆ ಮುರುಕು ಗೋಡೆಗಳ ಮುಂದೆ ಮದುವೆಯ ಜೋಡಿಗಳು ಚಿತ್ರ ತೆಗೆಸಿಕೊಳ್ಳುತ್ತವೆ. ತೇಲುವ ಚರ್ಚೆಂದು ಹೆಸರಿಟ್ಟು ಪ್ರವಾಸಿಗಳು ಬರುತ್ತಾರೆ. ಬಂದವರು ಗೋಡೆಯ ಮೇಲೆ ತಮ್ಮ ಹೆಸರನ್ನು ಕೆತ್ತಿ ಹೋಗುವುದುಂಟು. ಅದು ತೇಲುವುದಿಲ್ಲ ಸ್ವಾಮಿ, ಮುಳುಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದೇ ವಿಷಾದ. ಅಲ್ಲಿಗೆ ಹೋದ ಎಷ್ಟು ಮಂದಿ ಈ ಊರಿನ ಜನ ಎಲ್ಲಿಗೆ ಹೋದರೆಂದು ಕೇಳಿದ್ದಾರೆ?

ನಮ್ಮ ಪರಂಪರೆಯವರಿಗೆ ಇನ್ನೂ ಒಂದು ಮಾತು ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದ ಶರಣರು ವೇದವನ್ನೇ ಅನುಭಾವದ ತಕ್ಕಡಿಯಲ್ಲಿಟ್ಟು ತೂಗಿದರು. ಅಂಥವರ ಸಂತಾನವೆನ್ನಿಸಿಕೊಂಡ ನಾವು ವೇದಕ್ಕೆ ಕೊಡದ ವಿನಾಯಿತಿಯನ್ನು ಗಾದೆಗೆ ಕೊಟ್ಟು ಅದರ ಮುಂದೆ ಕೈಕಟ್ಟಿ ನಿಲ್ಲುವುದು ಯಾವ ನ್ಯಾಯ? "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ" ಎಂಬ ಗಾದೆ ಇಂದಿಗೂ ನಮ್ಮ ಮನೆಗಳ ಜಗುಲಿಯಲ್ಲಿ ಕೇಳಿಸುತ್ತದೆ. ಅವಶ್ಯಕತೆಗಿಂತ ಹೆಚ್ಚಾಗಿ ಅಕ್ಕಿ ಆಯ್ದು ತಂದ ಗಂಡನನ್ನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನ ಬುದ್ಧಿ ಎಲ್ಲಿತ್ತು? ಲಕ್ಕಮ್ಮನ ಕಥೆಯನ್ನು ಬೆಳಿಗ್ಗೆ ಹೇಳಿ ಸಂಜೆಗೆ ಈ ಗಾದೆಯನ್ನಾಡುವವರನ್ನು ನಾನು ಬಲ್ಲೆ. ಜಾತಿಗಳನ್ನು ಹಳಿಯುವ ಗಾದೆಗಳಂತೂ ಇಲ್ಲಿ ಅಚ್ಚು ಹಾಕಲು ಯೋಗ್ಯವಲ್ಲ. ಅವೂ ಹಿರಿಯರ ಅನುಭವದ ಸಾರವೇ?

ಇತ್ತೀಚೆಗೆ ಬೆಳಗಾಗುವುದರೊಳಗೆ ಕೈಫೋನಿನಲ್ಲಿ ಬಂದಿಳಿಯುವ ನುಡಿಮುತ್ತುಗಳ ವಿಷಯ ಹೇಳಿದಷ್ಟೂ ಕಡಿಮೆ. ಸೂರ್ಯೋದಯದ ಚಿತ್ರ, ಕೆಳಗೆ ಒಂದು ಮಾತು, ಅದರ ಕೆಳಗೆ ಬಸವಣ್ಣನವರ ಹೆಸರು, ಇಲ್ಲವೇ "ಚೀನೀ ಗಾದೆ" ಎಂಬ ಮುದ್ರೆ. ಒಂದು ಚಿತ್ರ ಹತ್ತು ಸಾವಿರ ಮಾತಿಗೆ ಸಮ ಎಂಬ ಪ್ರಸಿದ್ಧವಾದ ಚೀನೀ ಗಾದೆಯನ್ನು 1920ರ ದಶಕದಲ್ಲಿ ಹರಿಯಬಿಟ್ಟವನು ಅಮೆರಿಕದ ಒಬ್ಬ ಜಾಹೀರಾತುಗಾರ. ಮೊದಲು ಅದನ್ನು ಜಪಾನಿನ ತತ್ತ್ವಜ್ಞಾನಿಯ ಮಾತೆಂದ. ಕೆಲವು ವರ್ಷಗಳ ಮೇಲೆ ಚೀನಕ್ಕೆ ವರ್ಗ ಮಾಡಿದ. ನಮ್ಮಲ್ಲಿಯೂ ಅಷ್ಟೇ. ಕಾಯಕವನ್ನು ಕೈಲಾಸಕ್ಕೆ ಸಮಗಟ್ಟಿದ ಆ ಮಾತು ಲಕ್ಕಮ್ಮನ ಪತಿ ಆಯ್ದಕ್ಕಿ ಮಾರಯ್ಯನ ವಚನದಲ್ಲಿರುವುದಾದರೂ ಬಹು ಮಂದಿ ಅದನ್ನು ಬಸವಣ್ಣನವರ ಹೆಸರಿಗೇ ಬರೆದಿದ್ದಾರೆ. ನೆಲದ ಮೇಲೆ ಬಿದ್ದ ಅಕ್ಕಿ ಆಯ್ದು ಬದುಕಿದವನ ಮಾತನ್ನೂ ದೊಡ್ಡವರ ಖಾತೆಗೆ ಜಮಾ ಮಾಡುವುದು ಬಸವಣ್ಣನವರಿಗೆ ಮೆಚ್ಚುಗೆಯಾಗುತ್ತಿತ್ತೆಂದು ನನಗೆ ತೋರುವುದಿಲ್ಲ.

ಗಾದೆಯನ್ನು ಬಿಟ್ಟೇಬಿಡಬೇಕೆಂದು ನಾನು ಹೇಳುತ್ತಿಲ್ಲ. ಭಾಷೆಯ ಉಪ್ಪು ಅದರಲ್ಲಿದೆ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಮಹಾನಿಘಂಟಿನಲ್ಲಿ ಶಬ್ದಗಳ ಅರ್ಥವನ್ನು ಸ್ಥಾಪಿಸಲು ಕಾವ್ಯಗಳ ಜೊತೆಗೆ ಗಾದೆಗಳನ್ನೂ ಸಾಕ್ಷಿಯಾಗಿ ಕೊಟ್ಟರು. ಪರದೇಶದವರು ನಮ್ಮ ಹಳ್ಳಿಗರ ಮಾತನ್ನು ಅಷ್ಟು ಗೌರವದಿಂದ ಕಂಡರು. ಆದರೆ ಕಿಟ್ಟೆಲ್ಲರು ಗಾದೆಯನ್ನು ಶಬ್ದಕ್ಕೆ ಸಾಕ್ಷಿಯಾಗಿ ಕರೆದರು. ನಾವು ಅದನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ್ದೇವೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬಹುದು, ಪೀಠದಲ್ಲಿರುವವನನ್ನು ಪ್ರಶ್ನಿಸಲಾಗದು.

ನಮ್ಮ ಮಠಗಳ ಶಾಲೆಗಳನ್ನು ನಡೆಸುವ ಹಿರಿಯರಲ್ಲಿ ಎರಡು ಬಿನ್ನಹಗಳಿವೆ. ವಾರ್ಷಿಕೋತ್ಸವದ ಸ್ಪರ್ಧೆಗಳಲ್ಲಿ ಗಾದೆಯನ್ನು ವಿಸ್ತರಿಸುವ ಸ್ಪರ್ಧೆ ಇದ್ದಂತೆಯೇ ಗಾದೆಯನ್ನು ಖಂಡಿಸುವ ಸ್ಪರ್ಧೆಯೂ ಒಂದಿರಲಿ. ಯಾರು ಆಡಿದ ಮಾತಿದು, ಯಾರಿಗೆ, ಯಾರ ಲಾಭಕ್ಕೆ ಎಂದು ಹತ್ತನೆಯ ತರಗತಿಯ ಹುಡುಗ ಎದ್ದುನಿಂತು ಕೇಳಲಿ. ಅವನಿಗೆ ಅಂಕ ಕೊಡಲು ಮೇಷ್ಟರು ಹಿಂಜರಿಯದಿರಲಿ.

ಎರಡನೆಯದು ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸೀಮೆಯ ಹಳೆಯ ವಿದ್ಯಾರ್ಥಿಗಳಿಗೆ. ಮುಳುಗಿದ ಹಳ್ಳಿಗಳಿಗೂ ಅವುಗಳದೇ ಗಾದೆಗಳಿದ್ದಿರಬೇಕು. ಹೊಲಗಳಿಗೆ ಹೆಸರುಗಳು, ಹೊಳೆಯ ಮಡುಗಳಿಗೆ ಹೆಸರುಗಳು, ನೆರೆಯೂರಿನವರನ್ನು ಹಾಸ್ಯ ಮಾಡುವ ಮಾತುಗಳು. ಊರು ಚದುರಿದಾಗ ಇವೆಲ್ಲ ಒಂದೊಂದು ಮನೆಯವರ ಬಾಯಲ್ಲಿ ಒಂದೊಂದು ದಿಕ್ಕಿಗೆ ಹೋಗಿರುತ್ತವೆ. ಅಂಥ ಹಿರಿಯರ ಬಳಿ ಕುಳಿತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ನಮ್ಮ ಮೂರು ಪೀಠಿಕಾ ವಾಕ್ಯಗಳನ್ನು ಅಂಟಿಸದೆ ಬರೆದುಕೊಳ್ಳಬೇಕು. ಅಣೆಕಟ್ಟು ಮುಗಿದಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರುವತ್ತೈದನ್ನು ದಾಟಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು, ಹಿನ್ನೀರು ಇಳಿದು ದಾರಿ ಒಣಗಿರುವಾಗಲೇ, ಒಂದು ಬರೆವಣಿಗೆಯ ಪುಸ್ತಕ ಹಿಡಿದು ಹೊರಡುವುದು ಒಳಿತು.