ಹುಡುಗರ ಸಾಲಿನಲ್ಲಿ ಕುಳಿತ ಸಂತ

ಪರೀಕ್ಷಾ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಕೆಲವು ಮನೆಗಳಲ್ಲಿ ಸಂಜೆಯ ಜಪಸರವೂ ನಿಂತುಹೋಗುತ್ತದೆ. ಅನುತ್ತೀರ್ಣನಾದ ಮಗ ಒಳಕೋಣೆಯಲ್ಲಿ, ತಂದೆ ಜಗಲಿಯಲ್ಲಿ, ನಡುವೆ ತಾಯಿ. "ನಿನಗಾಗಿ ನಾವು ಎಷ್ಟೆಲ್ಲ ತ್ಯಾಗ ಮಾಡಿದೆವು" ಎಂಬ ಮಾತು ಆಗ ತಪ್ಪದೆ ಬರುತ್ತದೆ. ಮಾತು ಸತ್ಯವೇ. ಆದರೆ ತ್ಯಾಗವನ್ನು ಲೆಕ್ಕಕ್ಕೆ ಬರೆದು ಬಡ್ಡಿಸಮೇತ ವಸೂಲಿಗೆ ಹೊರಟರೆ ಅದು ತ್ಯಾಗವಾಗಿ ಉಳಿಯದು, ಸಾಲವಾಗುತ್ತದೆ.

ಇಂಥ ಮನೆಗಳಿಗೆ ಹೋದಾಗ ನನಗೆ ಸಂತ ಇಗ್ನೇಷಿಯಸ್ ಲೊಯೋಲರ ನೆನಪಾಗುತ್ತದೆ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಾಗಿ ಅವರ ಕಾಲು ಮುರಿದ ಕಥೆಯನ್ನು ಗುರುಗಳಾದ ನಾವು ಪ್ರಬೋಧನೆಗಳಲ್ಲಿ ಹೇಳಿ ಹೇಳಿ ಸವೆಸಿದ್ದೇವೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು 1523ರದು. ಜೆರುಸಲೇಮಿನಲ್ಲೇ ನೆಲೆಸಿ ಆತ್ಮಗಳ ಸೇವೆ ಮಾಡಬೇಕೆಂಬ ಅವರ ಸಂಕಲ್ಪಕ್ಕೆ ಅಲ್ಲಿನ ಫ್ರಾನ್ಸಿಸ್ಕನ್ ಅಧಿಕಾರಿಗಳು ಅನುಮತಿ ನೀಡಲಿಲ್ಲ. ದೇವರಿಗಾಗಿ ಕಟ್ಟಿದ ಕನಸು ಧರ್ಮಸಭೆಯ ಅಧಿಕಾರದಿಂದಲೇ ಮುರಿಯಿತು. ಮೊದಲು ಹಟ ಹಿಡಿದರು. ಬಳಿಕ ವಿಧೇಯರಾಗಿ ಹಡಗು ಹತ್ತಿದರು.

ಬಾರ್ಸೆಲೋನಕ್ಕೆ ಮರಳಿ, ಮೂವತ್ತು ದಾಟಿದ ಆ ಯೋಧ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತರು. ಬಾಯಿಪಾಠಕ್ಕೆ ತೊಡಗಿದಾಗಲೆಲ್ಲ ಆಧ್ಯಾತ್ಮಿಕ ಆನಂದ ಉಕ್ಕಿ ಬರುತ್ತಿತ್ತು. ಬಲಿಪೂಜೆಯಲ್ಲೂ ಪ್ರಾರ್ಥನೆಯಲ್ಲೂ ಅಷ್ಟು ಸ್ಪಷ್ಟವಾಗಿ ಬಾರದ ಅನುಭವ ವ್ಯಾಕರಣದ ವೇಳೆಗೇ ಏಕೆ? ಇದು ಶೋಧನೆಯೆಂದು ಅರಿತ ಅವರು, ಪಾಠ ಹೇಳುವ ಗುರುವನ್ನು ದೇವಾಲಯಕ್ಕೆ ಕರೆದೊಯ್ದು, ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಕೆಟ್ಟದ್ದನ್ನು ಬಿಡುವುದು ಕರ್ತವ್ಯ ಮಾತ್ರ. ಒಳ್ಳೆಯದೇ ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದನ್ನು ಬದಿಗಿಡುವುದು ತ್ಯಾಗ. (ಪರೀಕ್ಷೆಯ ತಿಂಗಳಿನಲ್ಲಿ ಗಾಯನವೃಂದದ ಅಭ್ಯಾಸಕ್ಕೆ ಬಾರದ ಮಕ್ಕಳ ಮೇಲೆ ನನಗೆ ಕೋಪವಿಲ್ಲ.)

ಮುಂದೆ ಅಲ್ಕಲಾ ಮತ್ತು ಸಲಮಾಂಕಾ ನಗರಗಳಲ್ಲಿ ಅವರ ಬೋಧನೆಯ ಮೇಲೆ ಸಂಶಯ, ವಿಚಾರಣೆ, ಸೆರೆವಾಸ. 1528ರಲ್ಲಿ ಪ್ಯಾರಿಸ್ ತಲುಪಿದಾಗ, ಅವಸರದಲ್ಲಿ ಕಲಿತ ವಿದ್ಯೆಯ ತಳಪಾಯವೇ ಸಡಿಲವೆಂದು ಕಂಡುಕೊಂಡು, ಸುಮಾರು 37ರ ವಯಸ್ಸಿನಲ್ಲಿ ಚಿಕ್ಕ ಹುಡುಗರೊಡನೆ ಮತ್ತೆ ಲ್ಯಾಟಿನ್ ಪಾಠಕ್ಕೆ ಕುಳಿತರು.

ನಮ್ಮ ಮಗ ಅದೇ ಪುಸ್ತಕವನ್ನು ಮತ್ತೊಮ್ಮೆ ತೆರೆಯಲು ಅಡ್ಡಿಯಾಗುವುದು ಬಹುಪಾಲು ಅವನ ಬುದ್ಧಿಯಲ್ಲ, ನೆರೆಯವರು ಏನೆಂದಾರೆಂಬ ನಮ್ಮ ಅಂಜಿಕೆ. ತಂದೆತಾಯಿಗಳು ಮಾಡಬೇಕಾದ ತ್ಯಾಗ ಇನ್ನೂ ಒಂದು ಬಾಕಿಯಿದ್ದರೆ ಅದು ಈ ಒಣಮಾನದ್ದು.

1529ರಲ್ಲಿ ಇಗ್ನೇಷಿಯಸರು ಪ್ಯಾರಿಸಿನ ಸೇಂಟ್ ಬಾರ್ಬ್ ಕಾಲೇಜು ಸೇರಿದರು. ಅಲ್ಲಿ ಅವರೊಡನೆ ಕೊಠಡಿ ಹಂಚಿಕೊಂಡವರಲ್ಲಿ ಅವರಿಗಿಂತ ಸುಮಾರು 15 ವರ್ಷ ಕಿರಿಯನಾದ ಒಬ್ಬ ತರುಣನಿದ್ದ. 1542ರಲ್ಲಿ ಗೋವೆಯ ತೀರದಲ್ಲಿ ಇಳಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರೇ ಆ ತರುಣ.